ಹೊತ್ತು ಮುಳುಗಿದ ಮೇಲೆ

ಟಲ್ಸಾದಲ್ಲಿ ರಸ್ತೆಗೆ ನೂರು ತುಂಬಿತಂತೆ.
ಮನುಷ್ಯರಿಗೆ ಮಾಡುವ ಹಾಗೆ ಕೇಕು, ಬ್ಯಾಂಡು,
ಹಳೆ ಕಾರುಗಳ ಮೆರವಣಿಗೆ, ರಾತ್ರಿ ನಿಯಾನ್ ದೀಪ.
ಮೊಮ್ಮಗ ಟ್ರೆವಾನ್ ಅಡುಗೆಮನೆಯ ಮೇಜಿನಲ್ಲಿ
ನನ್ನ ಬಟಾಣಿ ಸಿಪ್ಪೆಯನ್ನು ಮೊಣಕೈಯಿಂದ ಅತ್ತ ಸರಿಸಿ
ಲ್ಯಾಪ್‌ಟಾಪ್ ತೆರೆದು ಕೂತಿದ್ದಾನೆ.
ಸೇಂಟ್ ಲೂಯಿಸಿನಿಂದ ಆರು ತಾಸು ಅಜ್ಜಿ, ಅಷ್ಟೆ.
ನಡುವೆ ಎರಡು ಸಲ ನಿಲ್ಲೋಣ, ನಿನ್ನ ಕಾಲಿಗೆ.

ಎಲ್ಲಿ ಬೇಕಾದರೂ ನಿಲ್ಲಬಹುದೆ, ಎಂದೆ.
ಎಲ್ಲಿ ಬೇಕಾದರೂ, ಎಂದ. ಪ್ರಶ್ನೆ ಅವನಿಗೆ ತಿಳಿಯಲಿಲ್ಲ.
ತಿಳಿಯದಿದ್ದುದೇ ಒಳ್ಳೆಯದು ಅನ್ನಿಸಿತು ಒಂದು ಗಳಿಗೆ.
ಮರುಗಳಿಗೆ ಸಿಟ್ಟು ಬಂತು.

ಐವತ್ತೇಳರ ಜುಲೈ. ಅಪ್ಪ ಆರ್ಥೆಲ್‌ನ ಹಸಿರು ಬ್ಯೂಕ್,
ಕೊನೆಯ ಕಂತು ಕಟ್ಟಿ ಬಂದ ವಾರವೇ ಹೊರಟೆವು
ಲಾಸ್ ಏಂಜಲೀಸಿಗೆ, ಚಿಕ್ಕಮ್ಮನ ಮನೆಗೆ.
ಅಮ್ಮ ಮೂರು ದಿನದ ಬುತ್ತಿ ಕಟ್ಟಿದಳು:
ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಶೂ ಡಬ್ಬಿಯಲ್ಲಿ ಕೇಕು.
ಹಿಂದಿನ ಸೀಟಿನ ಕೆಳಗೆ ಮುಚ್ಚಳವಿದ್ದ ಕಾಫಿ ಡಬ್ಬ.
ಇದು ಯಾತಕ್ಕೆ ಎಂದು ಅಕ್ಕ ಒಜೆಲ್ಲಾ ಕೇಳಿದಾಗ
ನಾಚಿಕೆ ಬಿಡೋಕೆ, ಎಂದಿದ್ದಳು.

ಅಪ್ಪನ ಪಕ್ಕದಲ್ಲಿ ಒಂದು ಡ್ರೈವರ್ ಟೊಪ್ಪಿ.
ಪೊಲೀಸು ಕೈ ತೋರಿದರೆ ಅದನ್ನು ತಲೆಗಿಟ್ಟು
ಸಾಹೇಬರ ಕಾರು ಸ್ವಾಮಿ, ಮುಟ್ಟಿಸೋಕೆ ಹೊರಟೆ, ಅನ್ನುವನು.
ನಾವು? ಅಡುಗೆಯವಳು, ಅವಳ ಮಕ್ಕಳು.
ಅಪ್ಪ ನಮ್ಮಪ್ಪನಲ್ಲದ ಆ ಐದು ನಿಮಿಷ
ನಾನು ಮೊಟ್ಟೆಗಳನ್ನು ಎಣಿಸುತ್ತಿದ್ದೆ.

ಒಂದು ಊರು ಬಂತು. ಹೆಸರು ಹೇಳಲಾರೆ.
ಊರ ಬಾಯಲ್ಲಿ ಬಿಳಿ ಹಲಗೆ, ಕಪ್ಪಕ್ಷರ:
ನಿಮ್ಮ ಬಣ್ಣದವರು ಹೊತ್ತು ಮುಳುಗುವುದರೊಳಗೆ ಹೊರಡಿ.
ನನಗಾಗ ಒಂಬತ್ತು. ಓದು ಕಲಿತದ್ದಕ್ಕೆ ಮೊದಲ ಸಲ ಬೇಸರವಾಯಿತು.
ಸೂರ್ಯ ಇನ್ನು ಗೇಣುದ್ದ ಉಳಿದಿದ್ದ.
ಅಪ್ಪ ವೇಗ ಹೆಚ್ಚಿಸಲಿಲ್ಲ, ಹೆಚ್ಚಿಸಿದರೆ ಅದೊಂದು ತಪ್ಪು;
ಅಂಚಿನ ತನಕ ಹಾಲು ತುಂಬಿದ ಪಾತ್ರೆ ಹಿಡಿದವನ ಹಾಗೆ ಓಡಿಸಿದ.
ಮೋಟೆಲೊಂದರ ಅಂಗಳದ ಈಜುಕೊಳದಲ್ಲಿ
ನನ್ನಷ್ಟೇ ದೊಡ್ಡವಳು ನೀರು ಎರಚಿ ನಗುತ್ತಿದ್ದಳು.
ಅಷ್ಟು ನೀಲಿಯನ್ನು ಆಮೇಲೆ ನಾನು ಎಲ್ಲೂ ನೋಡಲಿಲ್ಲ.

ರಸ್ತೆಯ ತಪ್ಪೇನಿದೆ. ಅದು ಬಿದ್ದುಕೊಂಡಿತ್ತು,
ಬಂದವರನ್ನೆಲ್ಲ ಹೊತ್ತಿತು, ಬಣ್ಣ ಕೇಳಲಿಲ್ಲ.
ಕೇಳಿದವರೆಲ್ಲ ಅದರ ಅಂಚಿನಲ್ಲಿ ಮನೆ ಕಟ್ಟಿಕೊಂಡವರು.

ಟಲ್ಸಾದಲ್ಲಿ ಒಂದು ರೂಮೂ ಇಲ್ಲ, ಅಂದ ಟ್ರೆವಾನ್,
ಇರುವವಕ್ಕೆ ಮೂರು ಪಟ್ಟು ದರ. ನಲವತ್ತು ಮೈಲಿ ಈಚೆ
ಒಂದು ಹಳೆ ಮೋಟೆಲು, ಹೊಸದಾಗಿ ಬಣ್ಣ ಹೊಡೆದಿದ್ದಾರೆ,
ಈಜುಕೊಳವೂ ಇದೆ ನೋಡು. ಊರ ಹೆಸರು ಓದಿದ.
ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು.

ಒಜೆಲ್ಲಾಳಿಗೆ ಫೋನು ಹಚ್ಚಿದೆ. ಎಂಬತ್ತು ದಾಟಿದವಳು,
ಎರಡೂ ಮಂಡಿಯಲ್ಲಿ ಲೋಹ.
ನೀನು ಬೇಕಾದರೆ ಮಲಗು, ಅಂದಳು,
ನಾನು ಕಾರಲ್ಲೇ ಕೂತಿರ್ತೀನಿ. ಎಂಜಿನ್ ಆರಿಸಬೇಡಿ.
ಹುಡುಗ ನಕ್ಕ. ಅವಳು ನಗುತ್ತಿರಲಿಲ್ಲ.

ಎರಡು ರಾತ್ರಿಗೆ ಹಿಡಿ, ಎಂದೆ. ರಸ್ತೆ ಕಡೆಗೆ ಕಿಟಕಿ.
ಮೂರು ಗಂಟೆಗೇ ಕೀಲಿ ಕೊಡ್ತಾರೆ, ಬೇಗ ಹೊರಟರೆ...
ಬೇಡ.
ಹೊತ್ತು ಮುಳುಗಿದ ಮೇಲೆ ಹೋಗೋಣ.

ಕರೆಂಟು ಬಿಲ್ಲಿನ ಹಿಂದೆ ಪಟ್ಟಿ ಬರೆದೆ:
ಮಡಚುವ ಕುರ್ಚಿ, ಮಂಡಿಯ ಮುಲಾಮು, ಛತ್ರಿ,
ಅಪ್ಪನ ಟೊಪ್ಪಿ. ಅದನ್ನು ಹೊಡೆದು ಹಾಕಿ ಮತ್ತೆ ಬರೆದೆ.
ಈಜುವ ಉಡುಪು ಎಂದು ಬರೆದು, ಮುಂದೆ ಪ್ರಶ್ನೆಚಿಹ್ನೆ.
ದಾರಿಯುದ್ದಕ್ಕೂ ಊಟ ಸಿಗುತ್ತೆ, ಬುತ್ತಿ ಯಾಕಜ್ಜಿ, ಎಂದ.
ಗೊತ್ತು, ಎಂದೆ.
ಕೋಳಿಯನ್ನು ಹಿಂದಿನ ರಾತ್ರಿಯೇ ಮಜ್ಜಿಗೆಯಲ್ಲಿ ನೆನೆಸಿಡಬೇಕು.